ಕೆರೆಯೇ ಸಮುದ್ರವಾದ ಸೀಮೆ

ಬೆಂಗಳೂರಿನಿಂದ ಕಡಲನ್ನು ನೋಡಲು ಹೊರಟವರು ಯಾವ ದಿಕ್ಕನ್ನು ಹಿಡಿದರೂ ಮುನ್ನೂರು ಕಿಲೋಮೀಟರಿನಷ್ಟು ದಾರಿಯನ್ನು ಸವೆಸಲೇಬೇಕು. ಆದರೂ ಈ ನಗರದ ಸುತ್ತುಮುತ್ತ ಸಮುದ್ರಗಳಿಗೆ ಕೊರತೆಯಿಲ್ಲ. ತಿಪ್ಪಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ, ಚನ್ನಸಂದ್ರ, ದೊಮ್ಮಸಂದ್ರ: ನಗರವಾಸಿಗಳು ದಿನವೂ ಬಸ್ಸಿನ ಫಲಕದ ಮೇಲೆ ಓದುವ ಈ ಹೆಸರುಗಳ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ವಲ್ಲದೆ ಬೇರೆಯಲ್ಲ. ನಾಲಗೆಯ ಅವಸರದಲ್ಲಿ ನಡುವಣ ಉಕಾರವು ಬಿದ್ದುಹೋಗಿ, ದಕಾರದ ನೆರೆಯಲ್ಲಿ ಮಕಾರವು ನಕಾರವಾಗಿ, ಸಮುದ್ರವು ಸಂದ್ರವಾಯಿತು. ಹಳ್ಳಿಗನು ಅದನ್ನು ಉಚ್ಚರಿಸುವಾಗ ಅವನಿಗೆ ಕಡಲಿನ ನೆನಪಾಗುವುದಿಲ್ಲ. ನಗರದವನಿಗಂತೂ ಅಲ್ಲಿ ನೀರಿತ್ತೆಂಬುದೇ ತಿಳಿಯದು.

ಹಾಗಾದರೆ ಈ ಒಣನೆಲಕ್ಕೆ ಸಮುದ್ರವು ಬಂದದ್ದಾದರೂ ಎಲ್ಲಿಂದ? ಹಿಂದಿನವರು ತಾವು ಕಟ್ಟಿಸಿದ ಕೆರೆಗೇ ಆ ಹೆಸರನ್ನಿಟ್ಟರು. ಹೊಯ್ಸಳರ ರಾಜಧಾನಿಯಾದ ದೋರಸಮುದ್ರಕ್ಕೆ ಆ ಹೆಸರು ಬಂದದ್ದೂ ಒಂದು ದೊಡ್ಡ ಕೆರೆಯಿಂದಲೇ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ವರ್ಷವೆಲ್ಲ ತುಂಬಿ ಹರಿಯುವ ಹೊಳೆಯೊಂದೂ ಇಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳೆರಡೂ ನಂದಿಬೆಟ್ಟದ ಮಗ್ಗುಲಿನಲ್ಲಿ ಹುಟ್ಟುವುವಾದರೂ ಅವು ಮಳೆಯನ್ನು ನಂಬಿದ ಹೊಳೆಗಳು. ಆದುದರಿಂದ ಇಲ್ಲಿ ಮೊದಲು ಏರಿ, ಆಮೇಲೆ ಊರು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ ಮಳೆಯ ನೀರನ್ನು ನಿಲ್ಲಿಸಿದ ಮೇಲೆಯೇ ಗದ್ದೆ, ತೋಪು, ಗುಡಿ, ಮನೆ. ಸುತ್ತಲೂ ಕುರುಚಲು ಕಾಡು, ನಡುವೆ ಒಂದು ಕೆರೆ, ಅದರ ಮರೆಯಲ್ಲಿ ಒಂದು ಊರು. ನೀರಿನಲ್ಲಿ ನೆಲವು ದ್ವೀಪವಾದರೆ, ಇಲ್ಲಿ ನೆಲದಲ್ಲಿ ನೀರೇ ದ್ವೀಪ.

ಈ ದ್ವೀಪಗಳಿಗೆ ಬಂದು ನೆಲಸಿದವರು ಯಾರು? ಎಲ್ಲಿಂದ ಬಂದರು? ಯಾರ ಹಿಂದೆ ಯಾರು ಬಂದರು? ಅರಸರು ತಮ್ಮ ದಾನವನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಏರಿಗೆ ಮಣ್ಣು ಹೊತ್ತವನು, ದೊಡ್ಡಿಯಲ್ಲಿ ದನವನ್ನು ಕೂಡಿದವನು ಏನನ್ನೂ ಬರೆಯಿಸಲಿಲ್ಲ. ಆದರೆ ಅವರು ತಮ್ಮ ಊರಿಗೆ, ಕೆರೆಗೆ, ಹೊಲಕ್ಕೆ ಒಂದೊಂದು ಹೆಸರನ್ನಿಟ್ಟರು. ಬಾಯಿಂದ ಬಾಯಿಗೆ ದಾಟುತ್ತ ಸವೆದು ನುಣುಪಾಗಿ ಉಳಿದಿರುವ ಆ ಹೆಸರೇ ಅವರು ಬಿಟ್ಟುಹೋದ ಶಾಸನ.

ಪೆಸಿಫಿಕ್ ಸಾಗರದ ಸಾಕ್ಷಿ

ಹೆಸರು ಮತ್ತು ನುಡಿಗಳಿಂದಲೇ ಒಂದು ಜನಾಂಗದ ವಲಸೆಯ ಜಾಡನ್ನು ಹಿಡಿಯಬಹುದೆಂಬುದಕ್ಕೆ ಜಗತ್ತಿನ ಅತ್ಯಂತ ಸೊಗಸಾದ ನಿದರ್ಶನವು ದೊರೆಯುವುದು ನಿಜವಾದ ದ್ವೀಪಗಳಲ್ಲಿಯೇ. ಉತ್ತರದಲ್ಲಿ ಹವಾಯಿ, ನೈಋತ್ಯದಲ್ಲಿ ನ್ಯೂಜಿಲೆಂಡ್, ಪೂರ್ವದಲ್ಲಿ ಈಸ್ಟರ್ ದ್ವೀಪ: ಈ ಮೂರು ತುದಿಗಳ ನಡುವಿನ ವಿಶಾಲವಾದ ಜಲರಾಶಿಯಲ್ಲಿ ಚದುರಿರುವ ದ್ವೀಪಗಳಿಗೆ ಪಾಲಿನೇಷ್ಯಾ ಎಂದು ಹೆಸರು. 1769ರಲ್ಲಿ ಕ್ಯಾಪ್ಟನ್ ಕುಕ್ ನ್ಯೂಜಿಲೆಂಡಿನ ದಡವನ್ನು ಮುಟ್ಟಿದಾಗ ಅವನ ಹಡಗಿನಲ್ಲಿ ತುಪಾಯಿಯ ಎಂಬ ದ್ವೀಪವಾಸಿಯಿದ್ದನು. ಸಾವಿರಾರು ಕಿಲೋಮೀಟರು ದೂರದ ರಾಯಿಯಾತೆಯ ದ್ವೀಪದಲ್ಲಿ ಹುಟ್ಟಿದ ಅವನ ಮಾತು ನ್ಯೂಜಿಲೆಂಡಿನ ಮಾವೊರಿ ಜನರಿಗೆ ತಿಳಿಯಿತು. ಅವರ ಮಾತು ಅವನಿಗೆ ತಿಳಿಯಿತು. ಹಡಗಿನವರು ಬೆರಗಾದರು.

ಅಮೆರಿಕೆಯು 1838ರಿಂದ 1842ರವರೆಗೆ ನಡೆಸಿದ ಸಾಗರ ಶೋಧಯಾತ್ರೆಯಲ್ಲಿ ಹೊರೇಷಿಯೊ ಹೇಲ್ ಎಂಬ ತರುಣ ಭಾಷಾವಿದ್ವಾಂಸನಿದ್ದನು. 1846ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ದ್ವೀಪಗಳ ನುಡಿಗಳನ್ನೂ ಹೆಸರುಗಳನ್ನೂ ಒಟ್ಟಿಗಿಟ್ಟು ನೋಡಿದನು. ಸಾಮೋವದ ದೊಡ್ಡ ದ್ವೀಪದ ಹೆಸರು ಸವಾಯಿ. ರಾಯಿಯಾತೆಯದ ಹಳೆಯ ಹೆಸರು ಹವಾಯಿ. ಉತ್ತರದ ತುದಿಯಲ್ಲಿರುವುದೂ ಹವಾಯಿ. ಮಾವೊರಿಗಳು ತಮ್ಮ ಹಿರಿಯರು ಹೊರಟುಬಂದ ಮೂಲಸ್ಥಾನವನ್ನು ಕರೆಯುವುದು ಹವಾಯಿಕಿ ಎಂದು. ಸಾಮೋವದ ಸಕಾರವು ಉಳಿದ ಕಡೆ ಹಕಾರವಾಗುವುದು, ಮಾವೊರಿಯ ಕಕಾರವು ಸಾಮೋವ ಮತ್ತು ಹವಾಯಿಗಳಲ್ಲಿ ಗಂಟಲಿನ ಒಂದು ಸಣ್ಣ ತಡೆಯಾಗಿ ಅಡಗುವುದು, ಇವು ಒಂದೆರಡು ಶಬ್ದಗಳ ಆಕಸ್ಮಿಕವಲ್ಲ. ನುಡಿಯ ಉದ್ದಕ್ಕೂ ನಡೆಯುವ ನಿಯಮ. ಹವಾಯಿಯಲ್ಲಿ ತಕಾರವು ಕಕಾರವಾದುದರಿಂದ ಅಲ್ಲಿಯವರ ಹಾಡುಗಳಲ್ಲಿ ದೂರದ ತಾಹಿತಿಯು ‘ಕಾಹಿಕಿ’ಯಾಯಿತು. ಹೊಸ ದ್ವೀಪಕ್ಕೆ ಹೋದವರು ದೋಣಿಯಲ್ಲಿ ಗೆಡ್ಡೆಗೆಣಸು, ಕೋಳಿ, ನಾಯಿಗಳೊಡನೆ ಹಳೆಯ ಊರಿನ ಹೆಸರನ್ನೂ ಹೊತ್ತುಕೊಂಡು ಹೋದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಶ್ಚಿಮದ ಸಾಮೋವ, ತೊಂಗ ದ್ವೀಪಗಳಲ್ಲಿ ಜನರು ನೆಲಸಿ ಎರಡೂವರೆ ಸಾವಿರ ವರ್ಷಗಳಿಗೂ ಮೇಲಾಯಿತೆಂದೂ, ನ್ಯೂಜಿಲೆಂಡನ್ನು ಅವರು ಮುಟ್ಟಿದ್ದು ಹದಿಮೂರನೆಯ ಶತಮಾನದ ಸುಮಾರಿಗೆಂದೂ ಭೂಶೋಧನೆಯು ಅನಂತರ ತೋರಿಸಿಕೊಟ್ಟಿತು. ಅಲ್ಲಿ ದೋಣಿಗಳು ದಡ ಸೇರುತ್ತಿದ್ದಾಗ ಇಲ್ಲಿ ಹೊಯ್ಸಳರು ಆಳುತ್ತಿದ್ದರು.

ಪಕಾರವು ಹಕಾರವಾದ ಕಥೆ

ಸಾಗರದ ಆಚೆಯ ಈ ವಿಚಾರವು ಕನ್ನಡಿಗರಿಗೆ ಅಪರಿಚಿತವೇನಲ್ಲ. ಸವಾಯಿಯು ಹವಾಯಿಯಾದಂತೆಯೇ ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ತಮಿಳು ತೆಲುಗುಗಳು ಪಕಾರವನ್ನು ಉಳಿಸಿಕೊಂಡುವು. ಕನ್ನಡವೊಂದು ಹಕಾರಕ್ಕೆ ತಿರುಗಿತು. ಈ ತಿರುವು ಹತ್ತನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ತಲೆದೋರಿ, ಮುಂದಿನ ನಾಲ್ಕೈದು ಶತಮಾನಗಳಲ್ಲಿ ನಾಡನ್ನೆಲ್ಲ ವ್ಯಾಪಿಸಿತು. ಆದುದರಿಂದ ಊರಿನ ಹೆಸರಿನಲ್ಲಿ ಪಕಾರವಿದೆಯೋ ಹಕಾರವಿದೆಯೋ ಎಂಬುದು ಕಾಲವನ್ನೂ ನುಡಿಯನ್ನೂ ಸೂಚಿಸುವ ಒಂದು ಗುರುತು. ಚೋಳರ ಕಾಲದ ತಮಿಳು ಶಾಸನಗಳು ‘ಇಲೈಪಾಕ್ಕ ನಾಡು’ ಎಂದು ಹೆಸರಿಸುವ ಪ್ರಾಂತವೇ ಕನ್ನಡದ ಬಾಯಲ್ಲಿ ಎಲಹಂಕ ನಾಡು. ದೇವನಹಳ್ಳಿಯಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ‘ಹಳ್ಳಿ’ಗಳು ವಿರಳವಾಗುತ್ತ ಬಂದು, ಆಂಧ್ರದ ಗಡಿಗೆ ಸಮೀಪದ ಬಾಗೇಪಲ್ಲಿಯಲ್ಲಿ ‘ಪಲ್ಲಿ’ಯು ಎದುರಾಗುತ್ತದೆ. ಗಡಿಯ ಕಲ್ಲನ್ನು ನೆಡುವುದಕ್ಕೆ ಎಷ್ಟೋ ಮೊದಲೇ ನುಡಿಯು ತನ್ನ ಗಡಿಯನ್ನು ಹೆಸರಿನಲ್ಲಿ ಬರೆದಿಟ್ಟಿತ್ತು.

ಕನ್ನಡದಲ್ಲಿ ಇಂಥ ಶೋಧಕ್ಕೆ ಒಳ್ಳೆಯ ಪರಂಪರೆಯುಂಟು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟವು 1905ರಲ್ಲಿ ಹೊರಬಂದಿತು. ಊರಿನ ಇಂದಿನ ಹೆಸರಿನ ಹಳೆಯ ರೂಪವನ್ನು ಹುಡುಕುವವರಿಗೆ ಅದು ಇಂದಿಗೂ ಮೊದಲ ಬಾಗಿಲು. ಧಾರವಾಡದ ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಗ್ರಂಥದಲ್ಲಿ ಸ್ಥಳಗಳ ಹೆಸರುಗಳನ್ನೇ ಸಾಕ್ಷಿಗಳನ್ನಾಗಿ ಕರೆದು ನಾಡಿನ ಪ್ರಾಚೀನತೆಯನ್ನು ವಿಚಾರಿಸಿದರು.

ಆದರೆ ಸಾಕ್ಷಿಯನ್ನು ಕರೆದ ಮೇಲೆ ಪಾಟೀಸವಾಲೂ ನಡೆಯಬೇಕಷ್ಟೆ! ಬೆಂಗಳೂರಿನ ಹೆಸರನ್ನೇ ನೋಡಬಹುದು. ಬೇಟೆಯಾಡಿ ದಣಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಅದರಿಂದ ‘ಬೆಂದಕಾಳೂರು’ ಆಯಿತೆಂಬ ಕಥೆಯನ್ನು ಕೇಳದ ಮಕ್ಕಳಿಲ್ಲ. ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಬೇಗೂರಿನ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೆಸರಿಸುವುದು ಸುಮಾರು 890ರಲ್ಲಿ. ಅರಸನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಮೊದಲೇ ಊರಿತ್ತು, ಹೆಸರೂ ಇತ್ತು. ಅರ್ಥವು ಮರೆತುಹೋದ ಹೆಸರಿಗೆ ಜನರು ಆಮೇಲೆ ಕಥೆಯನ್ನು ಕಟ್ಟುತ್ತಾರೆ. ಕಥೆಯು ಇಂಪಾದುದೇ, ಅದನ್ನು ಹೇಳಿದವರ ಮನಸ್ಸನ್ನು ಅದು ತಿಳಿಸುತ್ತದೆ, ಊರಿನ ಹುಟ್ಟನ್ನಲ್ಲ.

ನೆಲಮಂಗಲ: ದಾನದ ಊರುಗಳು

ಈ ಎಚ್ಚರವನ್ನು ಗಂಟುಕಟ್ಟಿಕೊಂಡು ಪಶ್ಚಿಮದ ತುಮಕೂರು ರಸ್ತೆಯಲ್ಲಿ ಹೊರಟ ಪ್ರಯಾಣಿಕನಿಗೆ ಮೊದಲು ದೊರೆಯುವ ಪಟ್ಟಣವೇ ನೆಲಮಂಗಲ. ಹಿಂದೆ ವಿದ್ವಾಂಸರಿಗೆ ದಾನವಾಗಿ ಬಿಟ್ಟ ಊರುಗಳ ಹೆಸರುಗಳಲ್ಲಿ ‘ಮಂಗಲ’ವು ಹೇರಳವಾಗಿ ಕಾಣುತ್ತದೆ. ತಮಿಳುನಾಡಿನ ‘ಚತುರ್ವೇದಿಮಂಗಲ’ಗಳು ಪ್ರಸಿದ್ಧವಾಗಿಯೇ ಇವೆ. ಅಗ್ರಹಾರ, ಪುರ, ಮಂಗಲ ಇವೆಲ್ಲ ಮೇಲಿನಿಂದ ಬಂದ ಹೆಸರುಗಳು. ಅರಸನ ಅಪ್ಪಣೆಯೂ ಸಂಸ್ಕೃತದ ಗಾಂಭೀರ್ಯವೂ ಅವುಗಳಲ್ಲಿವೆ. ಪಟ್ಟಣದ ನೆರೆಯ ಅರಿಶಿನಕುಂಟೆಯ ಹೆಸರಾದರೋ ನೆಲದಿಂದ ಎದ್ದದ್ದು. ಕುಂಟೆಯೆಂದರೆ ಕೆರೆಗಿಂತ ಚಿಕ್ಕದಾದ ನೀರಿನ ಗುಂಡಿ. ಮಂಗಲವನ್ನು ಹೆಸರಿಸಿದವನು ತಾಮ್ರಪಟವನ್ನು ನೋಡುತ್ತಿದ್ದನು; ಕುಂಟೆಯನ್ನು ಹೆಸರಿಸಿದವನು ತನ್ನ ಎತ್ತಿನ ಬಾಯಾರಿಕೆಯನ್ನು.

ನೆಲಮಂಗಲ ತಾಲ್ಲೂಕಿನಲ್ಲಿಯೇ, ತ್ಯಾಮಗೊಂಡ್ಲು ಹೋಬಳಿಯಲ್ಲಿ, ಮಣ್ಣೆ ಎಂಬ ಗ್ರಾಮವಿದೆ. ಪಾಳುಬಿದ್ದ ಗುಡಿಗಳ ನಡುವೆ ನಿಂತು ನೋಡಿದವರಿಗೆ ಇದು ಗಂಗರ ರಾಜಧಾನಿಗಳಲ್ಲೊಂದಾಗಿತ್ತೆಂದರೆ ನಂಬಿಕೆಯೇ ಬಾರದು. 797 ಮತ್ತು 802ರ ತಾಮ್ರಶಾಸನಗಳು ಈ ಊರಿನಲ್ಲಿ ದೊರೆತವು. ಆಗ ಇದರ ಹೆಸರು ಮಾನ್ಯಪುರ. ಕನ್ಯೆಯು ಕನ್ನೆಯಾದಂತೆ, ಅನ್ಯಾಯವು ಹಳಗನ್ನಡದಲ್ಲಿ ಅನ್ನೆಯವಾದಂತೆ, ಮಾನ್ಯವು ಮನ್ನೆಯಾಗಿ ಮಣ್ಣೆಯಾಯಿತೆನ್ನುವುದು ಸಹಜವಾದ ದಾರಿ. ಇಲ್ಲಿಯೂ ಒಂದು ಸವಾಲುಂಟು. ಜನರ ಬಾಯಲ್ಲಿದ್ದ ಕನ್ನಡದ ಹೆಸರನ್ನೇ ಆಸ್ಥಾನದ ಪಂಡಿತನು ಸಂಸ್ಕೃತಕ್ಕೆ ಒಗ್ಗಿಸಿ ‘ಮಾನ್ಯಪುರ’ವೆಂದು ಬರೆದಿರಬಾರದೇಕೆ? ಎರಡು ದಾರಿಗಳೂ ತೆರೆದೇ ಇವೆ. ರಾಜಧಾನಿಯು ಹೋಯಿತು, ‘ಪುರ’ವು ಉದುರಿತು, ರೈತನ ಬಾಯಲ್ಲಿ ಎರಡು ಅಕ್ಷರಗಳು ಮಾತ್ರ ಸಾವಿರದ ಇನ್ನೂರು ವರ್ಷಗಳನ್ನು ದಾಟಿ ಬಂದುವು.

ಇದೇ ತಾಲ್ಲೂಕಿನ ತುದಿಯಲ್ಲಿ ಶಿವಗಂಗೆಯ ಬೆಟ್ಟಕ್ಕೆ ತಿರುಗುವ ಕಡೆ ಡಾಬಸ್‌ಪೇಟೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಡೆಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಡಾಬ್ಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನ ಪೇಟೆ ಅದು. ಒತ್ತಕ್ಷರದಲ್ಲಿ ಮುಗಿಯುವ ಮಾತು ಕನ್ನಡಿಗನ ನಾಲಗೆಗೆ ಒಗ್ಗದು. ನಡುವೆ ಒಂದು ಸ್ವರವನ್ನು ಸೇರಿಸಿ ಡಾಬ್ಸನನ್ನು ‘ಡಾಬಸ್’ ಮಾಡಿಕೊಂಡ ಮೇಲೆ ಆತನೂ ಊರಿನವನೇ ಆದನು.

ದೊಡ್ಡಬಳ್ಳಾಪುರ: ತಾಯಿ ಊರು, ಮಗಳ ಊರು

ನೆಲಮಂಗಲದಿಂದ ಈಶಾನ್ಯಕ್ಕೆ ತಿರುಗಿದರೆ ಮಗ್ಗಗಳ ಸದ್ದಿನ ದೊಡ್ಡಬಳ್ಳಾಪುರ. ಹಸುವೊಂದು ಹುತ್ತದ ಮೇಲೆ ದಿನವೂ ಒಂದು ಬಳ್ಳದಷ್ಟು ಹಾಲನ್ನು ಸುರಿಸುತ್ತಿತ್ತು, ಆದುದರಿಂದ ಬಳ್ಳಾಪುರವೆಂದು ಇಲ್ಲಿಯ ಐತಿಹ್ಯ. ಬಲ್ಲಾಳನ ಹೆಸರೇ ಇದರಲ್ಲಿದೆಯೆಂದು ಮತ್ತೆ ಕೆಲವರ ಮತ. ಕಥೆಗಿಂತಲೂ ಇಲ್ಲಿ ಗಮನಿಸಬೇಕಾದುದು ಮೊದಲಿನ ‘ದೊಡ್ಡ’ವನ್ನು. ದೊಡ್ಡಬಳ್ಳಾಪುರಕ್ಕೆ ಜೋಡಿಯಾಗಿ ಚಿಕ್ಕಬಳ್ಳಾಪುರವಿದೆ. ದೊಡ್ಡತುಮಕೂರಿಗೆ ಚಿಕ್ಕತುಮಕೂರು, ದೊಡ್ಡಬೆಳವಂಗಲಕ್ಕೆ ಚಿಕ್ಕಬೆಳವಂಗಲ, ಹೊಸಕೋಟೆಯ ಕಡೆ ದೊಡ್ಡಹುಲ್ಲೂರಿಗೆ ಚಿಕ್ಕಹುಲ್ಲೂರು. ಒಂದು ಊರಿನಲ್ಲಿ ಜನ ಹೆಚ್ಚಿ, ಕೆರೆಯ ನೀರು ಎಲ್ಲರಿಗೂ ಸಾಲದಾದಾಗ ಕೆಲವು ಮನೆಯವರು ಹೊರಟುಹೋಗಿ ಮತ್ತೊಂದು ಏರಿಯನ್ನು ಕಟ್ಟುತ್ತಾರೆ; ಹೊಸ ಜಾಗಕ್ಕೆ ಹಳೆಯ ಹೆಸರನ್ನೇ ಇಡುತ್ತಾರೆ. ಸಾಗರದಲ್ಲಿ ಸವಾಯಿಯು ಹವಾಯಿಯಾಗಿ ಹರಡಿದ್ದೂ ಇದೇ ಬಗೆಯಿಂದಲ್ಲವೆ? ಜೋಡಿ ಹೆಸರುಗಳೆಲ್ಲ ಹೀಗೆಯೇ ಹುಟ್ಟಿದುವೆಂದು ಆಣೆಯಿಡುವಂತಿಲ್ಲ. ಆದರೆ ಹುಡುಕುವವನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಈ ತಾಲ್ಲೂಕಿನ ತೂಬಗೆರೆಯ ಹೆಸರು ತೂಬನ್ನೂ ಕೆರೆಯನ್ನೂ ಒಟ್ಟಿಗೆ ಕಿವಿಗೆ ತರುತ್ತದೆ. ಶಾಲೆಯಲ್ಲಿ ಆದೇಶಸಂಧಿಯನ್ನು ಕಲಿತ ಮಕ್ಕಳು ಕೆರೆಯು ‘ಗೆರೆ’ಯಾದದ್ದನ್ನು ತಾವೇ ಬಿಡಿಸಿ ಹೇಳಬಲ್ಲರು. ತೂಬು ಎಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಕಂಡಿ. ತಮಿಳಿನಲ್ಲಿಯೂ ಅದು ‘ತೂಂಬು’. ನೀರನ್ನು ಹಂಚಿಕೊಳ್ಳುವ ಮಾತು ಈ ನುಡಿಗಳಿಗೆ ಒಂದೇ ಮನೆಯ ಆಸ್ತಿ.

ಹೆಸರು ಎಲ್ಲವನ್ನೂ ಹೇಳಲಾರದೆಂಬುದಕ್ಕೂ ದೊಡ್ಡಬಳ್ಳಾಪುರದ ನೆರೆಯಲ್ಲಿಯೇ ಉದಾಹರಣೆಯಿದೆ. ರಾಜಘಟ್ಟವೆಂಬ ಗ್ರಾಮದಲ್ಲಿ 2001ರಲ್ಲಿ ನೆಲವನ್ನು ಅಗೆದಾಗ ಬೌದ್ಧರ ಚೈತ್ಯ ವಿಹಾರಗಳ ತಳಪಾಯವೂ, ಮಣ್ಣಿನಲ್ಲಿ ಮಾಡಿದ ಪುಟ್ಟ ಸ್ತೂಪಗಳೂ ಹೊರಬಿದ್ದುವು. ರಾಜಘಟ್ಟವೆಂಬ ಮಾತಿನಲ್ಲಿ ಬುದ್ಧನ ಸುಳಿವೇ ಇಲ್ಲ. ಹೆಸರು ಮರೆತುದನ್ನು ಅಲ್ಲಿ ಮಣ್ಣು ನೆನಪಿಟ್ಟುಕೊಂಡಿತ್ತು. ಆದುದರಿಂದಲೇ ಭಾಷೆಯ ಶೋಧಕನು ಗುದ್ದಲಿಯವನನ್ನು ಸದಾ ಜೊತೆಗೆ ಕರೆದೊಯ್ಯಬೇಕು.

ದೇವನಹಳ್ಳಿ: ಗಾಡಿಯಲ್ಲಿ ಬಂದವರು

ದೇವನಹಳ್ಳಿಗೆ ಉತ್ತರದಲ್ಲಿ ಆವತಿ ಎಂಬ ಹಳ್ಳಿಯಿದೆ. ಹದಿನೈದನೆಯ ಶತಮಾನದಲ್ಲಿ ಕಂಚಿಯ ಕಡೆಯಿಂದ ಏಳು ಮಂದಿ ಗೌಡರು ತಮ್ಮ ಕುಟುಂಬಗಳೊಡನೆ ಗಾಡಿಗಳಲ್ಲಿ ಹೊರಟು ಬಂದು ಇಲ್ಲಿ ಬೀಡುಬಿಟ್ಟರೆಂದು ಮೊರಸು ಒಕ್ಕಲಿಗರ ಐತಿಹ್ಯವು ಹೇಳುತ್ತದೆ. ಅಲ್ಲಿಯ ಪಾಳೆಯಗಾರನು ಅವರ ಮನೆಯ ಹೆಣ್ಣಾದ ದೊಡ್ಡಮ್ಮನನ್ನು ಬಲವಂತದಿಂದ ಕೇಳಿದನಂತೆ. ಮಾನವನ್ನು ಉಳಿಸಿಕೊಳ್ಳಲು ಅವರು ರಾತ್ರೋರಾತ್ರಿ ಹೊರಟರಂತೆ. ಪಾಲಾರು ತುಂಬಿ ಹರಿಯುತ್ತಿದ್ದಾಗ ದೊಡ್ಡಮ್ಮನು ತನ್ನ ಕಿವಿಯ ಓಲೆಯನ್ನು ಹೊಳೆಗೆ ಅರ್ಪಿಸಲು ಹೊಳೆಯು ದಾರಿ ಬಿಟ್ಟಿತಂತೆ. ಅವರ ಮುಖಂಡನು ರಣಭೈರೇಗೌಡ. ಮಾವೊರಿಗಳು ತಮ್ಮ ವಂಶವನ್ನು ಹಿರಿಯರು ಬಂದ ದೋಣಿಯ ಹೆಸರಿನಿಂದ ಎಣಿಸಿಕೊಳ್ಳುತ್ತಾರೆ. ಇಲ್ಲಿ ದೋಣಿಯ ಬದಲು ಎತ್ತಿನ ಗಾಡಿ. ಈ ಬೀಡಿನಿಂದ ಕವಲೊಡೆದವರೇ ಸುತ್ತಣ ನಾಡಪ್ರಭುಗಳಾದರು. ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರ ಎಲಹಂಕದ ಮನೆತನವನ್ನೂ ಐತಿಹ್ಯವು ಇಲ್ಲಿಗೇ ತಂದು ಸೇರಿಸುತ್ತದೆ.

ಆವತಿಯ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆಯನ್ನು ಹಾಕಿಸಿದನು. ಅದಕ್ಕೆ ಮೊದಲು ಆ ಸ್ಥಳದ ಹೆಸರು ದೇವನದೊಡ್ಡಿ. ದೊಡ್ಡಿಯೆಂದರೆ ದನಗಳನ್ನು ಕೂಡುವ ಜಾಗ. ಕೋಟೆಗೆ ಮೊದಲು ಇಲ್ಲಿ ಗೋಪಾಲಕರಿದ್ದರೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ದೊಡ್ಡಿ, ಹಟ್ಟಿಗಳೆಂಬ ಹೆಸರುಗಳು ಕಾಣುವಲ್ಲೆಲ್ಲ ಮುಂದೆ ನಡೆದದ್ದು ದನಗಾಹಿ, ಹಿಂದೆ ಬಂದದ್ದು ನೇಗಿಲು. ಈ ಊರಿನಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಇದಕ್ಕೆ ಯೂಸುಫಾಬಾದ್ ಎಂದು ಹೆಸರಿಟ್ಟನು. ಅರಸನ ಅಪ್ಪಣೆಯಾದರೂ ಅದು ನಿಲ್ಲಲಿಲ್ಲ. ಇದೇ ತಾಲ್ಲೂಕಿನ ವಡಿಗೇನಹಳ್ಳಿಯು ವಿಜಯಪುರವೆಂದು ಕರೆಯಲ್ಪಟ್ಟಾಗ ಆ ಹೆಸರು ನಿಂತಿತು. ಯಾವ ಹೆಸರು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಸಂತೆಗೆ ಹೋಗುವವರ ನಾಲಗೆ.

ಊರಿನ ಹೆಸರು ಮನುಷ್ಯನ ಹೆಸರಿನೊಳಗೂ ಪ್ರಯಾಣ ಮಾಡುತ್ತದೆ. ‘ಡಿ.ವಿ.ಜಿ.’ ಎಂಬ ಮೂರಕ್ಷರಗಳನ್ನು ಅರಿಯದ ಕನ್ನಡಿಗನಿಲ್ಲ. ಅವರು ಹುಟ್ಟಿದ್ದು 1887ರಲ್ಲಿ, ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ಆದರೆ ಹೆಸರಿನ ಮೊದಲಿನ ‘ಡಿ’ ದೇವನಹಳ್ಳಿಯದು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬುದು ಪೂರ್ಣನಾಮ. ಹಿರಿಯರು ಯಾವ ದಾರಿಯಲ್ಲಿ ಬಂದರೆಂಬುದಕ್ಕೆ ಆ ಒಂದಕ್ಷರವೇ ದಾಖಲೆ.

ಹೊಸಕೋಟೆ: ಹೊಸತಾಗಿಯೇ ಉಳಿದ ಹಳೆಯ ಊರು

ಪೂರ್ವದ ಹೊಸಕೋಟೆಗೆ ಬಂದರೆ ಹೆಸರೇ ಒಂದು ಪಂಚಾಂಗ. ಸುಗಟೂರಿನ ತಮ್ಮೇಗೌಡನು 1595ರ ಸುಮಾರಿಗೆ ಈ ಕೋಟೆಯನ್ನು ಕಟ್ಟಿಸಿದನು. ಹಳೆಯದಾದ ಕೋಲಾರಕ್ಕೆ ಎದುರಾಗಿ ಇದು ಹೊಸತು. ನಾಲ್ಕು ಶತಮಾನಗಳು ಕಳೆದರೂ ಊರು ‘ಹೊಸ’ದೆಂಬ ಮಾತನ್ನು ಬಿಟ್ಟುಕೊಟ್ಟಿಲ್ಲ. ಗಂಗರ ಕಾಲದವರು ಕಟ್ಟಿದ್ದರೆ ಅದನ್ನು ಪೊಸಕೋಟೆಯೆಂದೇ ಕರೆಯುತ್ತಿದ್ದರು. ಪಕಾರವು ಹಕಾರಕ್ಕೆ ಎಡೆಗೊಟ್ಟ ಮೇಲೆ ಹುಟ್ಟಿದ ಹೆಸರೆಂಬುದು ಮೊದಲ ಅಕ್ಷರದಿಂದಲೇ ತಿಳಿಯುತ್ತದೆ.

ಈ ಸೀಮೆಯು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಕೈಸೇರಿತು. ಹೊಸಕೋಟೆಯ ಸುತ್ತಣ ಹಳ್ಳಿಗಳಲ್ಲಿ ತಮಿಳು ಲಿಪಿಯ ಕಲ್ಲುಗಳು ದೊರೆಯುವುದು ಅದರಿಂದಲೇ. ಕಲ್ಲಿನ ನುಡಿಯು ತಮಿಳಾದ ಮಾತ್ರಕ್ಕೆ ಊರಿನವರೆಲ್ಲರೂ ತಮಿಳರೆಂದಲ್ಲ. ಕಲ್ಲಿನ ಮೇಲೆ ಬರೆಯಿಸುವುದು ಆಳುವವನ ನುಡಿ, ಗದ್ದೆಯ ಬದುವಿನ ಮೇಲೆ ಆಡುವುದು ಮನೆಯ ನುಡಿ. ಬೆಂಗಳೂರಿನೊಳಗಿನ ದೊಮ್ಮಲೂರು ತಮಿಳು ಶಾಸನಗಳಲ್ಲಿ ತೊಂಬಲೂರು. ಲಿಪಿಯು ಬದಲಾದರೂ, ಅಕ್ಷರವೊಂದೆರಡು ಮೃದುವಾದರೂ, ಕೊನೆಯ ‘ಊರು’ ಅಲುಗಲಿಲ್ಲ. ತಮಿಳಿಗೂ ಕನ್ನಡಕ್ಕೂ ಸಮಾನವಾದ ಆ ಪದವು ಎರಡೂ ನುಡಿಗಳು ಒಂದೇ ಅಂಗಳದಲ್ಲಿ ಆಡುತ್ತಿದ್ದ ಕಾಲದಿಂದ ಬಂದದ್ದು. ಇಂದಿಗೂ ಹೊಸಕೋಟೆಯ ಅಂಗಡಿ ಬೀದಿಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಚೌಕಾಶಿ ಮಾಡಿ, ತಮಿಳಿನಲ್ಲಿ ನಗುವವರುಂಟು.

ಇವೆಲ್ಲದರ ಮೇಲೆ ಸರ್ಕಾರದ ಕಾಗದಪತ್ರಗಳ ನುಡಿಯೊಂದಿದೆ. ತಾಲ್ಲೂಕು, ಕಸಬಾ, ಜಿಲ್ಲೆ ಎಂಬ ಮಾತುಗಳು ಪಾರಸಿಯ ಆಡಳಿತದ ಮೂಲಕ ಬಂದುವು. ಜನವಸತಿಯಿಲ್ಲದೆ ಹೆಸರು ಮಾತ್ರ ಉಳಿದ ಗ್ರಾಮವನ್ನು ಕಂದಾಯದ ದಫ್ತರದಲ್ಲಿ ‘ಬೇಚಿರಾಕ್’ ಎಂದು ಬರೆಯುತ್ತಾರೆ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಬರಕ್ಕೋ ರೋಗಕ್ಕೋ ದಂಡಿನ ಹಾವಳಿಗೋ ಜನರು ಬಿಟ್ಟುಹೋದ ಊರಿನಲ್ಲಿ ಸಂಜೆ ದೀಪ ಹಚ್ಚುವವರಿಲ್ಲ. ಕಂದಾಯದ ಒಣ ದಾಖಲೆಯಲ್ಲಿ ಇಂಥ ಕರುಣೆಯ ಮಾತೊಂದು ಅಡಗಿದೆಯೆಂದು ಯಾರು ತಾನೆ ಎಣಿಸಿಯಾರು!

ಉಳಿಯುವುದೇನು?

ಈಗ ಈ ಸೀಮೆಯ ಮೇಲೆ ಹೊಸದೊಂದು ವಲಸೆಯ ಅಲೆ ಬಂದಿದೆ. 2008ರಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರನ್ನಿಡಲಾಯಿತು. ಗಾಡಿಯಲ್ಲಿ ಬಂದ ಮನೆತನದ ಹೆಸರು ವಿಮಾನದಲ್ಲಿ ಬರುವವರನ್ನು ಸ್ವಾಗತಿಸುತ್ತಿದೆ. ದ್ರಾಕ್ಷಿಯ ತೋಟಗಳೂ ರಾಗಿಯ ಹೊಲಗಳೂ ಬಡಾವಣೆಗಳಾಗುತ್ತಿವೆ. ಬರುವವರು ಬರಲೇಬೇಕು, ಈ ಸೀಮೆಯಲ್ಲಿ ಹಿಂದೆ ಎಲ್ಲಿಂದಲೋ ಬರದೆ ಇದ್ದವರು ಯಾರಿದ್ದಾರೆ?

ಹೆಸರುಗಳೂ ಬದಲಾಗುತ್ತಿವೆ. 1986ರಲ್ಲಿ ರಚಿತವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ವೆಂದೂ, ಬಾಗೇಪಲ್ಲಿಯನ್ನು ‘ಭಾಗ್ಯನಗರ’ವೆಂದೂ ಕರೆಯಬೇಕೆಂದು 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ತೀರ್ಮಾನಿಸಿತು. ಹೆಸರನ್ನು ಬದಲಿಸುವುದು ಹೊಸ ಸಂಗತಿಯೇನಲ್ಲ. ಮಾನ್ಯಪುರ, ಯೂಸುಫಾಬಾದ್, ವಿಜಯಪುರಗಳು ಅದನ್ನೇ ಹೇಳುತ್ತವೆ. ಆದರೆ ‘ಪಲ್ಲಿ’ಯು ಫಲಕದಿಂದ ಮರೆಯಾದ ದಿನ, ಕನ್ನಡದ ಹಕಾರವೂ ತೆಲುಗಿನ ಪಕಾರವೂ ಕೈಕುಲುಕುತ್ತಿದ್ದ ಎಲ್ಲೆಯ ಗುರುತೊಂದು ಮಸುಕಾಗುತ್ತದೆ. ಅದನ್ನು ತಿಳಿದು ಬದಲಿಸುವುದು ಬೇರೆ, ತಿಳಿಯದೆ ಬದಲಿಸುವುದು ಬೇರೆ.

ಪಟ್ಟಣಗಳ ಹೆಸರುಗಳಾದರೂ ಶಾಸನಗಳಲ್ಲಿ, ಸರ್ಕಾರದ ಆಜ್ಞೆಗಳಲ್ಲಿ ಉಳಿದುಕೊಳ್ಳುತ್ತವೆ. ನಿಜವಾದ ನಷ್ಟವು ಆಗುತ್ತಿರುವುದು ಇನ್ನೂ ಸಣ್ಣ ಹೆಸರುಗಳಲ್ಲಿ. ಪ್ರತಿ ಹಳ್ಳಿಯಲ್ಲಿಯೂ ಹೊಲಕ್ಕೊಂದು, ಕಟ್ಟೆಗೊಂದು, ತೋಪಿಗೊಂದು, ಬಂಡೆಗೊಂದು ಹೆಸರಿರುತ್ತದೆ. ಯಾರು ಉತ್ತದ್ದು, ಯಾವ ಮರವಿತ್ತು, ಯಾವ ದೇವತೆ ನಿಂತಿದ್ದಳು, ಯಾವ ಕುಂಟೆ ಬತ್ತಿತು ಎಂಬುದೆಲ್ಲ ಅವುಗಳಲ್ಲಿರುತ್ತದೆ. ದಫ್ತರದಲ್ಲಿ ಅವುಗಳಿಗೆ ಸಿಗುವುದು ಸರ್ವೆ ನಂಬರು ಮಾತ್ರ. ಹೊಲವು ನಿವೇಶನವಾದ ಮೇಲೆ ಆ ನಂಬರೂ ಹೋಗಿ ಮತ್ತೊಂದು ನಂಬರು ಬರುತ್ತದೆ. ಹೆಸರನ್ನು ಬಲ್ಲ ಮುದುಕನು ತೀರಿಕೊಂಡರೆ ಅದನ್ನು ಹುಡುಕಲು ಯಾವ ಸಂಪುಟವೂ ಇಲ್ಲ. ರೈಸ್ ಅವರಿಗೆ ಕಲ್ಲುಗಳು ಕಾದುಕೊಂಡಿದ್ದುವು. ಮಾತು ಹಾಗೆ ಕಾಯುವುದಿಲ್ಲ.

ಈ ಕೆಲಸಕ್ಕೆ ದೊಡ್ಡ ಸಂಸ್ಥೆಗಳೇ ಆಗಬೇಕೆಂದಿಲ್ಲ. ನಗರದ ಅನೇಕ ಮನೆಗಳಲ್ಲಿ ಮಕ್ಕಳ ಹೆಸರಿನ ಹಿಂದೆ ಊರಿನ ಒಂದಕ್ಷರವು ಇಂದಿಗೂ ಅಂಟಿಕೊಂಡಿದೆ. ಅದು ಯಾವ ಊರು, ಅಜ್ಜ ಅಲ್ಲಿಂದ ಹೊರಟದ್ದು ಏಕೆ, ಅಲ್ಲಿಯ ಕೆರೆಗೆ ಏನೆಂದು ಹೆಸರು, ಕೆರೆಯ ಕೋಡಿಯ ಬಳಿಯ ಹೊಲವನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಅವರು ಉಚ್ಚರಿಸಿದ ಹಾಗೆಯೇ, ತಿದ್ದದೆ, ಒಂದು ನೋಟುಪುಸ್ತಕದಲ್ಲಿ ಬರೆದಿಡಬಹುದು. ಅಜ್ಜಿಯು ‘ಸಂದ್ರ’ವೆಂದರೆ ಮೊಮ್ಮಗಳು ಅದನ್ನು ‘ಸಮುದ್ರ’ವೆಂದು ತಿದ್ದಿ ಬರೆಯಬಾರದು, ಸವೆದ ರೂಪದಲ್ಲಿಯೇ ದಾರಿಯ ಗುರುತಿರುತ್ತದೆ. ಮುಂದಿನ ರಜೆಯಲ್ಲಿ ನೆಲಮಂಗಲದ ಕಡೆಗೋ ಹೊಸಕೋಟೆಯ ಕಡೆಗೋ ಹೋಗುವ ಕುಟುಂಬಗಳು ಬುತ್ತಿಯ ಜೊತೆಗೆ ಅಂಥದೊಂದು ಪುಸ್ತಕವನ್ನೂ ಒಯ್ದರೆ, ಹಿಂದಿರುಗುವಾಗ ಹತ್ತು ಹೆಸರುಗಳಾದರೂ ಅದರಲ್ಲಿರುತ್ತವೆ.